ಸಿಂಡರ್: ಓದಿದ್ದು ಒಂದು, ಕೇಳಿದ್ದು ಇನ್ನೊಂದು

ಮರಿಸ್ಸಾ ಮೇಯರ್ ಅವರ ‘ಸಿಂಡರ್’ 2012ರಲ್ಲಿ ಬಂದ ಕಾದಂಬರಿ, ಒಂದು ಸರಣಿಯ ಮೊದಲ ಪುಸ್ತಕ. ನಮಗೆಲ್ಲ ಗೊತ್ತಿರುವ ಸಿಂಡ್ರೆಲಾಳ ಕಥೆಯೇ, ಆದರೆ ನಡೆಯೋದು ನಾಲ್ಕನೇ ಮಹಾಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ, ನ್ಯೂ ಬೀಜಿಂಗ್‌ನಲ್ಲಿ. ನಾಯಕಿ ಸಂತೆಯಲ್ಲಿ ಅಂಗಡಿ ಇಟ್ಟಿರುವ ಮೆಕ್ಯಾನಿಕ್. ಅವಳ ಮೈಯಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಯಂತ್ರ. ಅರಮನೆಯ ಮೆಟ್ಟಿಲ ಮೇಲೆ ಉಳಿಯೋದು ಗಾಜಿನ ಚಪ್ಪಲಿಯಲ್ಲ, ಕಳಚಿಬಿದ್ದ ಉಕ್ಕಿನ ಪಾದ.

ಇದನ್ನು ಮೊದಲು ಪುಸ್ತಕದಲ್ಲಿ ಓದಿದ್ದೆ. ಈಗ ರೆಬೆಕ್ಕಾ ಸೋಲರ್ ಓದಿರುವ ಆಡಿಯೊಬುಕ್ ಕೇಳಿದೆ, ಹಳೇ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡು. ಎರಡನೇ ಸಲಕ್ಕೆ ಯಾವುದು ಒಳ್ಳೇದು ಅಂದರೆ, ಈ ಕಥೆಗಂತೂ ಆಡಿಯೊ. ಸರಣಿಯ ಕೊನೆಗೆ ಹೋದಂತೆ ಲೆಕ್ಕ ತಿರುಗುಮುರುಗು ಆಗುತ್ತದೆ. ಓದದೇ ಇರುವವರು ಇಲ್ಲೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ಬಯಲಾಗುತ್ತದೆ.

ಪುಸ್ತಕ 390 ಪುಟದ ಆಸುಪಾಸಿನದು, ಆಡಿಯೊ ಸುಮಾರು 10 ಗಂಟೆ. ಬೇಗ ಮುಗಿಯಬೇಕು ಅಂದರೆ ಪುಸ್ತಕವೇ ಸರಿ. ತೊಂದರೆ ಏನಂದರೆ, ಇಂಥ ಓಟದ ಕಥೆಯಲ್ಲಿ ಕಣ್ಣು ತನಗೆ ಬೇಡವಾದದ್ದನ್ನು ಹಾರಿಸಿಬಿಡುತ್ತದೆ. ಪಿಯೋನಿ ಸಾಯುವ ಜಾಗವನ್ನೇ ತಗೊಳ್ಳಿ. ಮಲಸೋದರಿಯರಲ್ಲಿ ಸಿಂಡರ್ ಕಂಡರೆ ಪ್ರೀತಿ ಇದ್ದದ್ದು ಅವಳಿಗೊಬ್ಬಳಿಗೇ. ಲೆಟುಮೋಸಿಸ್ ಅನ್ನೋ ಪಿಡುಗು ತಗುಲಿ ಅವಳನ್ನು ಎತ್ತಿಕೊಂಡು ಹೋಗಿರುತ್ತಾರೆ. ಸಿಂಡರ್ ಮದ್ದಿನ ಶೀಶೆ ಹಿಡಿದು ಓಡಿ ಬರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ಆಮೇಲೆ ಒಂದು ರೋಬೋ ಬಂದು, ಸತ್ತ ಹುಡುಗಿಯ ಮಣಿಕಟ್ಟು ಕುಯ್ದು ಗುರುತಿನ ಚಿಪ್ ತೆಗೆಯುತ್ತದೆ. ಪುಸ್ತಕದಲ್ಲಿ ಇಷ್ಟನ್ನೂ ನಾನು ಸರಸರ ದಾಟಿಬಿಟ್ಟಿದ್ದೆ. ಆಡಿಯೊದಲ್ಲಿ ದಾಟೋಕೆ ಆಗಲಿಲ್ಲ. ಸೋಲರ್ ಅವರ ದನಿ ಆ ಮಣಿಕಟ್ಟನ್ನು ಬಿಟ್ಟು ಬೇಗ ಕದಲೋದಿಲ್ಲ. ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿ ನಿಂತೆ.

ಕೊರೊನಾ ಬಂದು ಹೋದ ಮೇಲೆ ಈ ಭಾಗಗಳ ತೂಕವೇ ಬೇರೆ, ಅದೂ ನಿಜ. ಸಂತೆಯಲ್ಲಿ ಬ್ರೆಡ್ ಮಾರುವ ಹೆಂಗಸಿನ ಮೈಮೇಲೆ ಕಲೆ ಕಂಡ ಕೂಡಲೇ ಸುತ್ತಲಿದ್ದ ಜನ ದಿಕ್ಕಾಪಾಲಾಗಿ ಓಡುತ್ತಾರಲ್ಲ, ಮೊದಲ ಸಲ ಅದು ಸುಮ್ನೆ ಕಥೆಯಾಗಿತ್ತು.

ಇನ್ನು ಗುಟ್ಟಿನ ವಿಷಯ. ಸಿಂಡರೇ ಚಂದ್ರಲೋಕದ ಕಳೆದುಹೋದ ರಾಜಕುಮಾರಿ ಅಂತ ಓದುಗರಿಗೆ ಬೇಗ ಹೊಳೆದುಬಿಡುತ್ತದೆ. ಪುಸ್ತಕದಲ್ಲಿ ಇದು ಕಿರಿಕಿರಿ. ನಮಗೆ ಗೊತ್ತಾಗಿದ್ದು ಇವಳಿಗೆ ಯಾಕೆ ಇನ್ನೂ ಗೊತ್ತಾಗಿಲ್ಲ ಅಂತ ಪುಟ ತಿರುಗಿಸುತ್ತಿದ್ದೆ. ಕೇಳುವಾಗ ಆ ಚಡಪಡಿಕೆಯೇ ಇರಲಿಲ್ಲ. ಅಜ್ಜಿ ಹೇಳುವ ಕಥೆಗೆ ಕೊನೆ ಗೊತ್ತಿಲ್ಲದೇನಾ ಕೂರುತ್ತಿದ್ದೆವು? ಎ.ಕೆ. ರಾಮಾನುಜನ್ ಬರೆದಿಟ್ಟುಕೊಂಡ ನಮ್ಮ ಕನ್ನಡದ ಸಿಂಡ್ರೆಲಾ ಹಂಚಿಯ ಕಥೆಯೂ ಹಾಗೇ, ಬಾಯಿಂದ ಕಿವಿಗೆ ಬಂದದ್ದು. ಅದರಲ್ಲಿ ಚೆಂದದ ಮಗಳನ್ನು ಕಾಪಾಡಲು ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿಸುತ್ತಾಳೆ. ಸಿಂಡರ್‌ಳ ಬೆನ್ನುಹುರಿಗೆ ಕೂರಿಸಿದ ಯಂತ್ರ ಅವಳ ಚಂದ್ರಲೋಕದ ಶಕ್ತಿಯನ್ನು ಅವಳಿಂದಲೇ ಮುಚ್ಚಿಡುತ್ತದೆ. ಎಷ್ಟು ಹತ್ತಿರ ಬಂತು ನೋಡಿ.

ಪಾತ್ರಗಳ ದನಿಯಲ್ಲೂ ಆಡಿಯೊಗೇ ಮೇಲುಗೈ. ಐಕೋ ಅನ್ನೋ ಚಿಕ್ಕ ರೋಬೋಗೆ ಕೈ ಅನ್ನೋ ಹೆಸರಿನ ರಾಜಕುಮಾರ ಅಂದರೆ ಪ್ರಾಣ. ಓದುವಾಗ ನಗೆಗೊಂದು ಪಾತ್ರ ಅಂದುಕೊಂಡಿದ್ದೆ, ಕೇಳುವಾಗ ಮನೆಯಲ್ಲಿ ಸಿಂಡರ್ ಜೊತೆ ಸರಿಯಾಗಿ ಮಾತಾಡುವ ಇನ್ನೊಂದು ಜೀವ ಅದು ಅಂತ ಅನ್ನಿಸಿತು. ಚಂದ್ರಲೋಕದ ರಾಣಿ ಲೆವಾನಾಳ ದನಿ ಬಲು ನಯ. ಆ ನಯಕ್ಕೇ ಹೆದರಿಕೆ ಆಗೋದು.

ಆದರೆ ಆ ನಯದ ದನಿಯನ್ನು ಬೆಂಗಳೂರಿನ ಬಸ್ಸಲ್ಲಿ ಕೇಳೋಕೆ ಹೋಗಬೇಡಿ. ಹಾರ್ನ್ ಮಧ್ಯೆ ಪಿಸುಮಾತು ಕೇಳಲಿ ಅಂತ ಸೌಂಡ್ ಏರಿಸಿರುತ್ತೀರಿ, ಅಷ್ಟರಲ್ಲಿ ಮಲತಾಯಿ ಆಡ್ರಿ ಕಿರುಚುತ್ತಾಳೆ. ರಾಜಕುಮಾರ ಕೈ ತನ್ನ ಮಂತ್ರಿಗಳ ಜೊತೆ ಸಂಧಾನದ ಮಾತಾಡುವ ಕಡೆಯೂ ಆಡಿಯೊ ಎಳೀತದೆ. ಪುಸ್ತಕದಲ್ಲಾದರೆ ಅರ್ಧ ಪುಟ ಕಣ್ಣಾಡಿಸಿ ಮುಂದೆ ಹೋಗಬಹುದು, ಇಲ್ಲಿ ಬಟನ್ ಒತ್ತಿ ಒತ್ತಿ ಎಲ್ಲೋ ಹೋಗಿ ಬೀಳುತ್ತೇವೆ. ನಾಲ್ಕು ಭಾಗಗಳ ಶುರುವಿನಲ್ಲೂ ಹಳೇ ಸಿಂಡ್ರೆಲಾ ಕಥೆಯ ಒಂದೆರಡು ಸಾಲು ಇವೆ. ಹಾಳೆಯಲ್ಲಿ ಅವು ಬಿಡಿಯಾಗಿ ಕೂತು ಕಣ್ಣನ್ನು ತಡೆಯುತ್ತವೆ. ಆಡಿಯೊದಲ್ಲಿ ಉಸಿರು ಬಿಡುವಷ್ಟರಲ್ಲಿ ದಾಟಿಹೋಗುತ್ತವೆ.

ಮೊಬೈಲಿನಲ್ಲಿ ಇ-ಬುಕ್ ಕೂಡ ನೋಡಿದೆ. ಹೆಸರು ಹುಡುಕೋಕೆ ಅನುಕೂಲ, ಬೇರೇನೂ ಹೇಳೋಕಿಲ್ಲ.

ಮುಂದಿನ ಪುಸ್ತಕಗಳ ಮಾತು ಬೇರೆ. ಮೂರನೆಯದಾದ ‘ಕ್ರೆಸ್’ (2014) ರಪುಂಜೆಲ್ ಕಥೆ, ಗೋಪುರದ ಬದಲು ಉಪಗ್ರಹ. ಅದು ಸಹರಾ ಮರುಭೂಮಿಗೆ ಬಿದ್ದಾಗ ಅದರಲ್ಲಿದ್ದ ಥಾರ್ನ್ ಅನ್ನೋನಿಗೆ ಕಣ್ಣು ಹೋಗುತ್ತದೆ, ಅವನು ನಾಯಕಿ ಕ್ರೆಸ್ ಜೊತೆ ಮರಳಲ್ಲಿ ನಡೆಯುತ್ತಾನೆ. ಅವನಿಗೂ ನಮಗೂ ಇರೋದು ಬರೀ ದನಿ. ಈ ಅಧ್ಯಾಯಗಳನ್ನು ಓದಿದ್ದವರೂ ಒಮ್ಮೆ ಕೇಳಲೇಬೇಕು.

2015ರ ‘ವಿಂಟರ್’ಗೆ ಮಾತ್ರ ನಾನು ಪುಸ್ತಕವನ್ನೇ ಹಿಡಿದೆ. 800 ಪುಟಕ್ಕೂ ಜಾಸ್ತಿ, ಆಡಿಯೊ 23 ಗಂಟೆ ದಾಟುತ್ತದೆ. ಸರಣಿಯ ಜೋಡಿಗಳೆಲ್ಲ ಚಂದ್ರನ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ ಚೆದುರಿರುತ್ತಾರೆ, ಅಧ್ಯಾಯ ಬದಲಾದಾಗಲೆಲ್ಲ ಜಾಗವೂ ಬದಲು. ಅನ್ನಕ್ಕೆ ನೀರಿಟ್ಟು ಬರುವಷ್ಟರಲ್ಲಿ ಯಾರು ಸೆರೆಯಲ್ಲಿದ್ದರು, ಯಾರು ತಪ್ಪಿಸಿಕೊಂಡರು ಅನ್ನೋದೇ ಮರೆತಿರುತ್ತದೆ. ಹಿಂದಿನ ಪುಟಕ್ಕೆ ಬೆರಳಿಟ್ಟುಕೊಂಡು ಓದುವ ಪುಸ್ತಕ ಅದು.