ಹಿಂದಿನ ಬಂಪರಿಗೆ ಗಾರ್ಡ್: ಸ್ಟೀಲ್, ಕಬ್ಬಿಣ, ರಬ್ಬರ್ ಮೂರನ್ನೂ ಹಾಕಿ ನೋಡಿದ ಮೇಲೆ

ಕಾರು ಮನೆಗೆ ಬಂದ ಹನ್ನೊಂದನೇ ದಿನಕ್ಕೆ ಮೊದಲ ಗೀರು ಬಿತ್ತು. ಕಾರವಾರದ ರವಿವಾರದ ಸಂತೆ. ತರಕಾರಿ ತಗೊಂಡು ವಾಪಸ್ ಬಂದು ನೋಡಿದರೆ ಬಿಳಿ ಬಂಪರಿನ ಎಡಮೂಲೆಯಲ್ಲಿ ಗೇಣುದ್ದ ಕಪ್ಪು ಗೆರೆ. ಯಾವುದೋ ಸ್ಕೂಟರಿನ ಲೆಗ್‌ಗಾರ್ಡ್ ಉಜ್ಜಿಕೊಂಡು ಹೋಗಿತ್ತು. "ಹೋಗ್ಲಿ ಬಿಡಿ, ದೃಷ್ಟಿ ಹೋಯ್ತು" ಅಂದಳು ಹೆಂಡತಿ. ನನಗೆ ಆವತ್ತು ನಿದ್ದೆ ಬರಲಿಲ್ಲ. ಬುಧವಾರ ಆಗುವಷ್ಟರಲ್ಲಿ ಆಕ್ಸೆಸರೀಸ್ ಅಂಗಡಿ ಮುಂದೆ ನಿಂತಿದ್ದೆ.

ಅದು 2021. ಅಲ್ಲಿಂದ ಇಲ್ಲಿವರೆಗೆ ನನ್ನ ವ್ಯಾಗನ್ಆರ್‌ಗೆ ಸ್ಟೀಲ್ ಗಾರ್ಡ್ ಹಾಕಿಸಿ ತೆಗೆಸಿದ್ದೇನೆ, ರಬ್ಬರ್ ಪಟ್ಟಿ ಎರಡು ಸಲ ಅಂಟಿಸಿದ್ದೇನೆ. ಶಿರಸಿ ಹತ್ತಿರದ ಊರಲ್ಲಿರುವ ಭಾವ ತನ್ನ ಹಳೇ ಕಾರಿಗೆ ಕಪ್ಪು ಕಬ್ಬಿಣದ ಗಾರ್ಡ್ ಹಾಕಿಸುವಾಗ ಪಕ್ಕದಲ್ಲೇ ನಿಂತಿದ್ದೆ, ಆಮೇಲೆ ಆ ಕಾರನ್ನೂ ಸಾಕಷ್ಟು ಓಡಿಸಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ದುಡ್ಡು ಕೊಟ್ಟು ಕಲಿತವನು ಅಷ್ಟೇ.

ನನ್ನ ಓಡಾಟ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ವಾರವಿಡೀ ಕಾರವಾರ. ಬಾಡಿಗೆ ಮನೆಯಿಂದ ಸಮುದ್ರಕ್ಕೆ ಅರ್ಧ ಕಿಲೋಮೀಟರ್ ಕೂಡ ಇಲ್ಲ, ಕಾರು ನಿಲ್ಲುವುದು ಬಯಲಲ್ಲಿ. ತಿಂಗಳಿಗೆ ಎರಡು ಸಲ ಊರಿಗೆ: ಅಂಕೋಲಾ, ಕುಮಟಾ, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ. ವಾಪಸ್ ಬರುವಾಗ ಡಿಕ್ಕಿ ತುಂಬಾ ತೆಂಗಿನಕಾಯಿ, ಬಾಳೆಗೊನೆ, ಆಯಿ ಕೊಟ್ಟ ಉಪ್ಪಿನಕಾಯಿ ಭರಣಿ.

ಮೊದಲು ಸ್ಟೀಲ್. ಎರಡು ಪೈಪಿನ, ಫಳಫಳ ಹೊಳೆಯುವ ಗಾರ್ಡ್. 3,600 ರೂಪಾಯಿ, ಫಿಟ್ಟಿಂಗ್ ಸೇರಿ. ಅಂಗಡಿಯವ ಜೇಬಿನಿಂದ ಒಂದು ಅಯಸ್ಕಾಂತ ತೆಗೆದು ಪೈಪಿಗೆ ಹಿಡಿದ. ಅಂಟಲಿಲ್ಲ. "ನೋಡಿ ಸರ್, ಅಸಲಿ 304. ತುಕ್ಕು ಹಿಡಿಯೋ ಮಾತೇ ಇಲ್ಲ" ಅಂದ. 304 ಅಂದರೆ ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ. ನಾನು ತಲೆ ಆಡಿಸಿದೆ. ಈ ಅಯಸ್ಕಾಂತದ ಆಟಕ್ಕೆ ಮರುಳಾಗಬೇಡಿ ಅಂತ ಹೇಳುವುದಕ್ಕಾದರೂ ಇದನ್ನು ಬರೆಯಬೇಕಿತ್ತು. ಎಸ್‌ಎಸ್ 202 ಅಂತ ಇನ್ನೊಂದು ಅಗ್ಗದ ಜಾತಿ ಇದೆ, ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ. 304ರಲ್ಲಿ ಶೇಕಡಾ 18ರಷ್ಟು ಕ್ರೋಮಿಯಂ, 8ರಷ್ಟು ನಿಕ್ಕಲ್ ಇರುತ್ತದೆ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಆ ಜಾಗಕ್ಕೆ ಮ್ಯಾಂಗನೀಸ್ ಹಾಕುತ್ತಾರೆ, ತುಕ್ಕಿಗೆ ಅದು 304ರಷ್ಟು ತಡೆಯುವುದಿಲ್ಲ. ಹೊಸದರಲ್ಲಿ ಕಣ್ಣಿಗೆ ಎರಡೂ ಒಂದೇ. ಗೇಟು, ಗ್ರಿಲ್ಲು ಮಾಡುವವರ ಹತ್ತಿರ ಟೆಸ್ಟ್ ಮಾಡುವ ಕೆಮಿಕಲ್ ಇರುತ್ತದೆ, ಒಂದು ಹನಿ ಬಿಟ್ಟು ಪುಟ್ಟ ಬ್ಯಾಟರಿ ಮುಟ್ಟಿಸಿದರೆ 202 ಆದಲ್ಲಿ ಕೆಂಪಾಗುತ್ತದೆ. ನನಗೆ ಇದು ಗೊತ್ತಾದದ್ದು ಒಂದು ಮಳೆಗಾಲ ಕಳೆದ ಮೇಲೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಸೆಪ್ಟೆಂಬರ್ ಹೊತ್ತಿಗೆ ಪೈಪಿನ ಮೇಲೆ ಚಹಾ ಚೆಲ್ಲಿ ಒಣಗಿದ ಹಾಗೆ ಕಂದು ಚುಕ್ಕೆಗಳು. ಬೆಸುಗೆ ಹಾಕಿದ ಜಾಗದಲ್ಲಂತೂ ಉದ್ದಕ್ಕೆ ತುಕ್ಕು ಇಳಿದು ಬಿಳಿ ಬಂಪರಿನ ಮೇಲೆ ಗೆರೆ ಬಿದ್ದಿತ್ತು. ಉಪ್ಪುಗಾಳಿಗೆ ಇದೆಲ್ಲ ಲೆಕ್ಕಕ್ಕಿಲ್ಲ. ನಿಜ ಹೇಳಬೇಕಂದರೆ ಸಮುದ್ರದ ಪಕ್ಕ 304 ಕೂಡ ಪೂರ್ತಿ ಗೆಲ್ಲುವುದಿಲ್ಲ, ಆಗಾಗ ಸಿಹಿನೀರಲ್ಲಿ ತೊಳೆದು ಒರೆಸುತ್ತಿದ್ದರೆ ಮಾತ್ರ ಬಾಳುತ್ತದೆ. ಉಪ್ಪಿಗೆ ಇನ್ನೂ ಚೆನ್ನಾಗಿ ತಡೆಯುವುದು ಮಾಲಿಬ್ಡಿನಂ ಸೇರಿಸಿದ 316. ಆ ದರ್ಜೆಯ ಗಾರ್ಡ್ ನನಗಂತೂ ಯಾವ ಅಂಗಡಿಯಲ್ಲೂ ಕಾಣಲಿಲ್ಲ.

ಎರಡನೇ ತಲೆನೋವು ಸೆನ್ಸರ್. 2019ರ ಜುಲೈ 1ರಿಂದ ಹೊಸ ಕಾರುಗಳಿಗೆಲ್ಲ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯ, ಹಾಗಾಗಿ ನನ್ನದಕ್ಕೂ ಕಂಪನಿಯಿಂದಲೇ ಬಂದಿತ್ತು. ಬಂಪರಿನಲ್ಲಿ ಗುಂಡಗೆ ಕೂತಿರುವ ಆ ಬಿಲ್ಲೆಗಳು ನಮ್ಮ ಕಿವಿಗೆ ಕೇಳದ ಸದ್ದು ಬಿಟ್ಟು, ಅದು ತಾಗಿ ವಾಪಸ್ ಬರುವ ಹೊತ್ತು ಲೆಕ್ಕ ಹಾಕುತ್ತವೆ. ಎದುರಿಗೇ ಪೈಪ್ ಇದ್ದರೆ? ರಿವರ್ಸ್ ಹಾಕಿದ ಕೂಡಲೇ ಕೀಂ... ಅಂತ ಒಂದೇ ಸಮನೆ ಕೂಗು. ಹಿಂದೆ ಮೈದಾನ ಇದ್ದರೂ ಕೂಗು, ಗೋಡೆ ಇದ್ದರೂ ಕೂಗು. ಅಂಗಡಿಗೆ ವಾಪಸ್ ಹೋದರೆ ಬ್ರಾಕೆಟ್ ಬಿಚ್ಚಿ ಪೈಪನ್ನು ಎರಡು ಇಂಚು ಕೆಳಗೆ ಇಳಿಸಿದ, ಅದಕ್ಕೆ ಎರಡು ಹೊಸ ತೂತು ಕೊರೆದ. ಕೂಗು ನಿಂತಿತು. ಆದರೆ ಕೊರೆದ ತೂತಿನ ಸುತ್ತ ತುಕ್ಕು ತಡೆಯುವ ಪ್ರೈಮರ್ ಹಚ್ಚಲಿಲ್ಲ, ನಾನೂ ಕೇಳಲಿಲ್ಲ. ಆ ತೂತುಗಳ ಕತೆ ಮುಂದೆ ಬರುತ್ತದೆ.

ಊರಿಗೆ ಹೋದಾಗ ಅಪ್ಪಯ್ಯ ಗಾರ್ಡಿನ ಸುತ್ತ ಒಂದು ಸುತ್ತು ಹಾಕಿ, ಬಾಯಲ್ಲಿದ್ದ ಕವಳ ಒಂದು ಕಡೆ ಒತ್ತಿಕೊಂಡು, "ಪೆಟ್ಟು ತಿಂಬಲೇ ಬಂಪರ್ ಇಪ್ಪದು ತಮಾ, ಅದಕ್ಕೂ ಒಂದು ಬಂಪರಾ?" ಅಂದ. ನಾನು ನಕ್ಕೆ. ಆರು ತಿಂಗಳಿಗೆ ಕುಮಟಾದಲ್ಲಿ ಉತ್ತರ ಸಿಕ್ಕಿತು.

ಶಿರಸಿ ರಸ್ತೆಗೆ ತಿರುಗಲು ನಿಂತಿದ್ದೆ. ಹಿಂದಿನಿಂದ ಒಂದು ಪಿಕಪ್ ಬಂದು ಗುದ್ದಿತು. ದೊಡ್ಡ ವೇಗ ಏನಲ್ಲ, ಬ್ರೇಕ್ ಹಿಡಿದು ಜಾರಿಕೊಂಡು ಬಂದದ್ದು. ಇಳಿದು ನೋಡಿದರೆ ಖುಷಿಯಾಯಿತು: ಗಾರ್ಡಿಗೆ ಸಣ್ಣ ತಗ್ಗು, ಬಂಪರಿಗೆ ಏನೂ ಆಗಿಲ್ಲ. ಪಿಕಪ್ಪಿನವನೂ ಕೈ ಮುಗಿದು ಹೋದ. ಊರಿಗೆ ಮುಟ್ಟಿ ಡಿಕ್ಕಿ ಬಾಗಿಲು ತೆಗೆದು ಮುಚ್ಚಿದಾಗ ಗೊತ್ತಾಯಿತು, ಬಾಗಿಲು ಸರಿಯಾಗಿ ಕೂರುತ್ತಿಲ್ಲ. ಬಲಗಡೆ ಬೆರಳು ತೂರುವಷ್ಟು ಸಂದು, ಎಡಗಡೆ ಉಜ್ಜುತ್ತದೆ. ಗ್ಯಾರೇಜಿನಲ್ಲಿ ಕಾರೆತ್ತಿ ತೋರಿಸಿದರು. ಗಾರ್ಡಿನ ಬ್ರಾಕೆಟ್ ಎಲ್ಲಿ ಬೋಲ್ಟ್ ಆಗಿತ್ತೋ ಅಲ್ಲೇ ಬ್ಯಾಕ್ ಪ್ಯಾನಲ್, ಅಂದರೆ ಬಂಪರಿನ ಹಿಂದಿರುವ ಕಾರಿನ ತಗಡು, ಒಳಗೆ ಹೋಗಿತ್ತು, ಆ ಎರಡು ಹೊಸ ತೂತುಗಳ ಸುತ್ತ ತಗಡು ಹರಿದು ತುಕ್ಕಾಗಿತ್ತು.

ವಿಷಯ ಇಷ್ಟೇ. ನಾವು ಬಂಪರ್ ಅನ್ನುವುದು ಬರೀ ಪ್ಲಾಸ್ಟಿಕ್ ಹೊದಿಕೆ. ಪೆಟ್ಟು ಬಿದ್ದರೆ ಅದು ಒತ್ತಿಕೊಳ್ಳುತ್ತದೆ, ಬಾಗುತ್ತದೆ, ಜೋರಾದರೆ ಒಡೆಯುತ್ತದೆ, ಅಷ್ಟರಲ್ಲಿ ಪೆಟ್ಟಿನ ಜೋರು ಕಡಿಮೆ ಆಗಿರುತ್ತದೆ. ಪೈಪ್ ಬಾಗುವುದಿಲ್ಲ. ಅದು ಪೆಟ್ಟನ್ನು ಹಾಗೇ ತೆಗೆದುಕೊಂಡು ತನ್ನ ಎರಡು ಬೋಲ್ಟಿನ ಮೂಲಕ ಕಾರಿನ ಬಾಡಿಯೊಳಕ್ಕೆ ದಾಟಿಸುತ್ತದೆ. ಬಂಪರ್ ಬದಲಿಸಿ ಪೇಂಟ್ ಮಾಡಿದ್ದರೆ ಆರು ಸಾವಿರದ ಒಳಗೆ ಮುಗಿಯುತ್ತಿತ್ತು. ಬಂಪರ್ ಉಳಿಸಿಕೊಂಡಿದ್ದಕ್ಕೆ ಟಿಂಕರಿಂಗ್ ಬಿಲ್ 8,500!

ಆವತ್ತೇ ಗಾರ್ಡ್ ಬಿಚ್ಚಿಸಿದೆ.

ಇದನ್ನೆಲ್ಲ ನೋಡಿಯೂ ಭಾವ ಕಬ್ಬಿಣದ ಗಾರ್ಡ್ ಹಾಕಿಸಿದ, ಮತ್ತು ಅವನ ಮಟ್ಟಿಗೆ ಅದು ಸರಿಯೇ ಆಯಿತು ಅನ್ನುವುದು ಈ ಹೋಲಿಕೆಯ ತಮಾಷೆ. ಅವನ ಕಾರು 2016ರದ್ದು, ಸೆನ್ಸರ್ ಇಲ್ಲ. ಕಾರು ಹೋಗುವುದು ತೋಟಕ್ಕೆ, ಸೊಸೈಟಿಗೆ, ಮದುವೆ ಮನೆಗೆ, ವಾರಕ್ಕೊಮ್ಮೆ ಶಿರಸಿ ಪೇಟೆಗೆ. ಅವನಿಗೆ ಶತ್ರು ಪಿಕಪ್ ಅಲ್ಲ, ಅವನದೇ ಅಂಗಳ. ಒಂದು ಕಡೆ ಚಿರೇಕಲ್ಲಿನ ಪಾಗಾರ, ಇನ್ನೊಂದು ಕಡೆ ದಣಪೆಯ ಕಂಬ, ಅಡಿಕೆ ಒಣಗಿಸುವ ಕಾಲದಲ್ಲಂತೂ ಉಳಿದ ಜಾಗಕ್ಕೆಲ್ಲ ಚಾಲಿ ಹರಡಿರುತ್ತಾರೆ. ರಿವರ್ಸ್ ತೆಗೆಯುವಾಗ ತಿಂಗಳಿಗೊಮ್ಮೆಯಾದರೂ ಎಲ್ಲೋ ಒಂದು ಕಡೆ ಮುಟ್ಟಿಸುತ್ತಾನೆ. ಚಿರೇಕಲ್ಲು ಅರದ ಹಾಗೆ, ಸವರಿದರೂ ಬಂಪರಿನ ಬಣ್ಣ ಕಿತ್ತು ಬರುತ್ತದೆ.

ಇಂಥ ಕಡೆ, ನಡಿಗೆಗಿಂತ ನಿಧಾನಕ್ಕೆ ತಾಗುವ ಪೆಟ್ಟಿಗೆ, ಗಟ್ಟಿ ಪೈಪ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಾರಿನ ಬಾಡಿಯೊಳಕ್ಕೆ ದಾಟುವಷ್ಟು ಜೋರು ಅದರಲ್ಲಿ ಇರುವುದೇ ಇಲ್ಲ. 2,800 ರೂಪಾಯಿಗೆ ಕಪ್ಪು ಪೌಡರ್ ಕೋಟಿಂಗ್ ಹೊಡೆದ ಗಾರ್ಡ್ ಶಿರಸಿಯಲ್ಲೇ ಸಿಕ್ಕಿತು. ಮೊದಲೇ ಇದ್ದ ಬೋಲ್ಟಿನ ಜಾಗಕ್ಕೇ ಹಾಕಿಸಿದೆವು, ಹೊಸ ತೂತು ಕೊರೆಯಲು ನಾನು ಬಿಡಲಿಲ್ಲ. ಮೂರು ವರ್ಷವಾಯಿತು. ಕೋಟಿಂಗ್ ಎಂಟು ಹತ್ತು ಕಡೆ ಎದ್ದಿದೆ, ಎದ್ದಲ್ಲೆಲ್ಲ ತುಕ್ಕು. ಭಾವ ಪ್ರತಿ ವರ್ಷ ಮೇ ತಿಂಗಳಲ್ಲಿ ಉಪ್ಪುಕಾಗದ ಹಾಕಿ ಉಜ್ಜಿ, ಮನೆ ಕಿಟಕಿಗೆ ಬಳಿದು ಉಳಿದ ಕಪ್ಪು ಪೇಂಟ್ ಬಳಿಯುತ್ತಾನೆ. ಚೆಂದ ಕಾಣುತ್ತದಾ? ಇಲ್ಲ. ಅವನಿಗೆ ಅದು ಬೇಕಾಗಿಯೂ ಇಲ್ಲ.

ಒಂದು ದೂರು ಇದೆ, ಅದು ಅಕ್ಕನದು. ಡಿಕ್ಕಿಯಿಂದ ಚೀಲ ಎತ್ತಲು ಹೋದರೆ ಗಾರ್ಡ್ ಸೀದಾ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಕಬ್ಬಿಣದ್ದೂ ಅಷ್ಟೇ, ಸ್ಟೀಲಿನದ್ದೂ ಅಷ್ಟೇ. ನನಗೂ ಎರಡು ಸಲ ಬಡಿದು ಕಣ್ಣಲ್ಲಿ ನೀರು ಬಂದಿದೆ. ಮಕ್ಕಳಿಗೆ ಮಾತ್ರ ಅದು ನಿಲ್ಲುವ ಮೆಟ್ಟಿಲು, ಬೈದು ಬೈದು ಸಾಕಾಗಿದೆ.

ಈಗ ರಬ್ಬರ್. ಸ್ಟೀಲ್ ತೆಗೆಸಿದ ಮೇಲೆ ಒಂದು ದಿನ ಸುಮ್ನೆ ಬಂಪರ್ ಮುಂದೆ ಕುಕ್ಕರುಗಾಲಲ್ಲಿ ಕೂತು ಗೀರುಗಳನ್ನು ಎಣಿಸಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಒಟ್ಟು ಹದಿನಾಲ್ಕು. ಅದರಲ್ಲಿ ಒಂಬತ್ತು ಬಂಪರಿನ ಮೇಲ್ಭಾಗದಲ್ಲಿ, ಡಿಕ್ಕಿ ಬಾಗಿಲ ಕೆಳಗೆ. ಅಂದರೆ ಯಾರೂ ಗುದ್ದಿದ್ದಲ್ಲ, ನಾನೇ ತೆಂಗಿನಕಾಯಿ ಗೋಣಿಚೀಲ ಎಳೆದು ಮಾಡಿಕೊಂಡದ್ದು. ನಾಲ್ಕು ಮೂಲೆಗಳಲ್ಲಿ, ಸ್ಕೂಟರು, ಗೋಡೆ ಇತ್ಯಾದಿ. ನಟ್ಟನಡುವೆ ಇದ್ದದ್ದು ಒಂದೇ ಒಂದು. ಪೈಪ್ ಗಾರ್ಡ್ ಕಾಯುತ್ತಿದ್ದುದು ಆ ಒಂದನ್ನು!

ಹಾಗಾಗಿ ಮೂರು ಸಾಮಾನು ತಂದೆ. ಮೇಲ್ಭಾಗಕ್ಕೆ ಅಂಟಿಸುವ ಅಗಲದ ರಬ್ಬರ್ ಪಟ್ಟಿ 420, ಮೂಲೆಗೆ ನಾಲ್ಕು ಪ್ಯಾಡ್ 250, ಅಂಟು ಬಿಡದಂತೆ ಅಂಚಿಗೆ ಹಚ್ಚಲು ಪ್ರೈಮರ್ ಅಂತ ಒಂದು ಸಣ್ಣ ಶೀಶೆ, ಬೆಲೆ ನೆನಪಿಲ್ಲ. ಜುಲೈನಲ್ಲಿ ಒಂದು ಮಧ್ಯಾಹ್ನ ಮಳೆ ಹೊಳವಾದಾಗ ಬಟ್ಟೆಯಲ್ಲಿ ಒರೆಸಿ ಅಂಟಿಸಿದೆ. ಮೂರನೇ ದಿನ ದೇವಿಮನೆ ಘಟ್ಟದಲ್ಲಿ ಪಟ್ಟಿಯ ಒಂದು ತುದಿ ಬಾಲದ ಹಾಗೆ ಹಾರಾಡುತ್ತಿತ್ತು, ಹಿಂದಿನ ಬೈಕಿನವ ಹಾರ್ನ್ ಹೊಡೆದು ಹೇಳಿದ. ಒಂದು ಪ್ಯಾಡ್ ಅಷ್ಟರಲ್ಲೇ ಎಲ್ಲೋ ಬಿದ್ದು ಹೋಗಿತ್ತು.

ತಪ್ಪು ರಬ್ಬರಿನದಲ್ಲ, ನನ್ನದು. ಈ ಡಬಲ್ ಸೈಡ್ ಟೇಪಿಗೆ ಒಣ ಮೈ ಬೇಕು, ಸ್ವಲ್ಪ ಬಿಸಿ ಬೇಕು, ಸಮಯ ಬೇಕು. ಅಂಟಿಸಿದ ಕೂಡಲೇ ಹಿಡಿದಂತೆ ಕಂಡರೂ ಪೂರ್ತಿ ಹಿಡಿತ ಬರಲು ಮೂರು ದಿನ, ಅಂದರೆ 72 ಗಂಟೆ ಬೇಕಾಗುತ್ತದೆ. ಎರಡನೇ ಸಲ ನವೆಂಬರ್ ವರೆಗೆ ಕಾದೆ. ಬಂಪರ್ ಸೋಪು ನೀರಲ್ಲಿ ತೊಳೆದು, ಒಣಗಿಸಿ, ಔಷಧಿ ಅಂಗಡಿಯ ಸ್ಪಿರಿಟ್‌ನಲ್ಲಿ ಒರೆಸಿದೆ. ವ್ಯಾಕ್ಸ್ ಹಚ್ಚಿದ್ದರೆ ಅದು ಪೂರ್ತಿ ಹೋಗಬೇಕು. ಬಿಸಿಲಲ್ಲಿ ಒಂದು ಗಂಟೆ ನಿಲ್ಲಿಸಿ, ಟೇಪಿನ ಕಾಗದ ನಾಲ್ಕು ಬೆರಳಷ್ಟು ಮಾತ್ರ ಬಿಚ್ಚುತ್ತಾ, ನಡುವಿನಿಂದ ಎರಡೂ ಕಡೆಗೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋದೆ. ಸೆನ್ಸರಿನ ಬಿಲ್ಲೆಯಿಂದ ಎರಡು ಬೆರಳು ಜಾಗ ಬಿಟ್ಟೆ. ಮೂರು ದಿನ ಕಾರು ತೊಳೆಯಲಿಲ್ಲ. ಆ ಪಟ್ಟಿ ಇವತ್ತಿಗೂ ಇದೆ, ಮಳೆಗಾಲ ದಾಟಿಯೂ ಇದೆ. ಬಿಸಿಲಿಗೆ ಕಪ್ಪು ಬಣ್ಣ ಬೂದಿಯಾಗಿದೆ, ಒಂದು ಪ್ಯಾಡಿನ ಅಂಚು ಎದ್ದಿದೆ, ಅಷ್ಟೇ. ಪಟ್ಟಿಯ ಕೆಳಗೆ ಹೊಸ ಗೀರು ಒಂದೂ ಇಲ್ಲ.

ಹಾಗಂತ ರಬ್ಬರ್ ದೊಡ್ಡ ಪೆಟ್ಟು ತಡೆಯುತ್ತದೆ ಅಂದುಕೊಳ್ಳಬೇಡಿ, ತಡೆಯುವುದಿಲ್ಲ. ಕಳೆದ ವರ್ಷ ಒಬ್ಬರು ರಿವರ್ಸ್ ಬಂದು ಬಂಪರ್ ಒಳಗೆ ಹೋಯಿತು. ಊರಿಗೆ ಹೋದಾಗ ಬಚ್ಚಲ ಹಂಡೆಯಿಂದ ಕುದಿಯುವ ನೀರು ತಂದು ಆ ಜಾಗಕ್ಕೆ ಹೊಯ್ದು ಒಳಗಿನಿಂದ ಕೈಯಲ್ಲಿ ಒತ್ತಿದೆವು. ಟಪ್ ಅಂತ ಹೊರಗೆ ಬಂತು. ಬಣ್ಣ ಕೂಡ ಒಡೆಯಲಿಲ್ಲ. ಕೈಗೆ ಗವಸು ಹಾಕಿಕೊಳ್ಳಿ ಮಾತ್ರ.

ಕಾನೂನಿನ ಮಾತೂ ಇದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಇಲಾಖೆ ರಾಜ್ಯಗಳಿಗೆ ಪತ್ರ ಬರೆದು, ವಾಹನಗಳಿಗೆ ಹಾಕುವ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂದಿದೆ. ದಂಡಕ್ಕೆ ಆಗಿನ 190, 191 ಸೆಕ್ಷನ್ ತೋರಿಸಿತ್ತು. ಜನ ಮುಂದಿನ ಗಾರ್ಡ್ ಮಾತ್ರ ಅಂದುಕೊಂಡಿದ್ದಾರೆ. ಭಾವನನ್ನು ಇದುವರೆಗೆ ಯಾರೂ ಹಿಡಿದಿಲ್ಲ, ಆದರೆ ಕಾರವಾರದಂಥ ಕಡೆ ದಿನಾ ಹೆದ್ದಾರಿಗೆ ಇಳಿಯುವವರು ಪೈಪ್ ಹಾಕಿಸುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಅಂಟಿಸುವ ರಬ್ಬರಿಗೆ ಈ ರಗಳೆ ಇಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅನ್ನುವವರಿಗೆ: ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಝೀರೋ ಡೆಪ್, ಅಂದರೆ ಸವಕಳಿ ಕಳೆಯದೆ ಕೊಡುವ ಹೆಚ್ಚುವರಿ ಕವರ್, ಇಲ್ಲದಿದ್ದರೆ ಬಂಪರಿನ ಅರ್ಧ ದುಡ್ಡು ನಿಮ್ಮದೇ. ಮೇಲೆ ಒಂದು ಕ್ಲೇಮ್ ಮಾಡಿದರೆ ಕೂಡಿಟ್ಟ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಯಿತು. ಅದು ಮೊದಲ ವರ್ಷಕ್ಕೆ ಶೇಕಡಾ 20, ಏರುತ್ತಾ 50ರ ತನಕ ಹೋಗುತ್ತದೆ ಅಲ್ವಾ, ಗೀರಿಗೋಸ್ಕರ ಅದನ್ನು ಕಳೆದುಕೊಳ್ಳುವುದು ಯಾಕೆ? ಹೊರಗಿನಿಂದ ಹಾಕಿಸಿದ ಗಾರ್ಡನ್ನು ಪಾಲಿಸಿಯಲ್ಲಿ ಬರೆಸಿ ಪ್ರೀಮಿಯಂ ಕಟ್ಟದಿದ್ದರೆ ಅದಕ್ಕೆ ಒಂದು ಪೈಸೆಯೂ ಬರುವುದಿಲ್ಲ.

ಯಾವುದು ಹಾಕಿಸಲಿ ಅಂತ ನನ್ನನ್ನು ಕೇಳಿದರೆ, ಕರಾವಳಿಯಲ್ಲಿರುವವರಿಗೆ, ಸೆನ್ಸರ್ ಇರುವ ಕಾರಿಗೆ, ರಬ್ಬರ್. ಎರಡು ಮಾತಿಲ್ಲ. ಘಟ್ಟದ ಮೇಲೆ ಹಳೇ ಕಾರು, ಇಕ್ಕಟ್ಟಿನ ಅಂಗಳ, ಹೆದ್ದಾರಿ ಕಡಿಮೆ ಅನ್ನುವವರು ಕಬ್ಬಿಣ ಯೋಚಿಸಬಹುದು, ದಂಡದ ಭಯ ನಿಮಗೆ ಬಿಟ್ಟದ್ದು. ಹೊಳೆಯುವ ಸ್ಟೀಲನ್ನು ನಾನು ಯಾರಿಗೂ ಹೇಳುವುದಿಲ್ಲ.

ನನ್ನ ಸ್ಟೀಲ್ ಗಾರ್ಡ್ ಈಗ ಊರಿನ ಬಚ್ಚಲುಮನೆ ಗೋಡೆಯಲ್ಲಿದೆ. ಅಪ್ಪಯ್ಯನೇ ಎರಡು ಮೊಳೆ ಹೊಡೆದು ಸಿಕ್ಕಿಸಿದ್ದು, ಟವೆಲ್ ಒಣಗಿಸಲು. ದಿನಾ ಹಂಡೆಯ ಹಬೆ ಕುಡಿಯುತ್ತದೆ, ಆದರೂ ಕಾರವಾರದಲ್ಲಿ ಬಂದ ಕಂದು ಚುಕ್ಕೆಗಳ ಮೇಲೆ ಹೊಸ ಚುಕ್ಕೆ ಒಂದೂ ಸೇರಿಲ್ಲ.