ಜೀನ್ ಟೆಸ್ಟ್‌ನ ಕೆಂಪು ಬಾಕ್ಸ್ ನೋಡಿ ಮಗುವಿನ ಔಷಧಿ ನಿಲ್ಲಿಸಬೇಡಿ

ನಿಮ್ಮ ಮಗು ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದೆಯಾ? "ಯಾವ ಔಷಧಿ ಒಗ್ಗುತ್ತದೆ ಅಂತ ಡಿಎನ್‌ಎ ನೋಡಿ ಹೇಳ್ತೀವಿ" ಅಂತ ಯಾರಾದರೂ ಬಂದರೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ. ಆದರೆ ನಾಚಿಕೆಗಿಂತ ಸಿಟ್ಟು ಜಾಸ್ತಿ ಇದೆ.

ನನ್ನ ಮಗಳಿಗೆ ಓಸಿಡಿ, ಅಂದರೆ ಬೇಡದ ಯೋಚನೆ ಬಿಡದೆ ಕಾಡಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿಸುವ ಕಾಯಿಲೆ. ಕೈ ತೊಳೆದೂ ತೊಳೆದೂ ಬೆರಳ ಸಂದಿಯೆಲ್ಲ ಬಿರುಕು ಬಿಟ್ಟು ರಕ್ತ ಬರುತ್ತಿತ್ತು. ಸರ್ಟ್ರಾಲಿನ್ ಅನ್ನುವ ಔಷಧಿ ಶುರು ಮಾಡಿ, ಜೊತೆಗೆ ಥೆರಪಿಯೂ ನಡೆದ ಮೇಲೆ ಚರ್ಮ ಕೂಡಿಕೊಂಡಿತ್ತು. ಪೂರ್ತಿ ವಾಸಿ ಅಂತಲ್ಲ. ಆದರೆ ಶಾಲೆಗೆ ಹೋಗುತ್ತಿದ್ದಳು, ನಗುತ್ತಿದ್ದಳು. ಇನ್ನೂ ಚೆನ್ನಾಗಿ ಕೆಲಸ ಮಾಡುವ ಔಷಧಿ ಇದ್ದರೆ ಅಂತ ಯಾವ ತಾಯಿಗೆ ಅನಿಸುವುದಿಲ್ಲ ಹೇಳಿ? ಆ ಆಸೆಯ ಮೇಲೆಯೇ ಇವರ ವ್ಯಾಪಾರ ನಡೆಯುವುದು.

ಟೆಸ್ಟ್ ಕಂಪನಿಯವರು ಮಗಳ ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರು. ರಿಪೋರ್ಟ್ ಬಂತು. ಹಸಿರು, ಹಳದಿ, ಕೆಂಪು, ಮೂರು ಬಾಕ್ಸ್. ಸರ್ಟ್ರಾಲಿನ್ ಕೆಂಪಿನಲ್ಲಿ! ಅವರ ಕಡೆಯ ಕೌನ್ಸೆಲರ್ ಫೋನ್ ಮಾಡಿ, "ಮೇಡಂ, ಈ ಔಷಧಿ ನಿಮ್ಮ ಮಗಳ ಜೀನ್‌ಗೆ ಆಗಿಬರಲ್ಲ. ಹಸಿರಲ್ಲಿ ಇರೋದಕ್ಕೆ ಬದಲಾಯಿಸಿದ್ರೆ ಒಳ್ಳೇದು" ಅಂದರು. ಅವರೇ ತೋರಿಸಿದ ಡಾಕ್ಟರು ಸರ್ಟ್ರಾಲಿನ್ ಇಳಿಸುತ್ತಾ ಬಂದು ನಿಲ್ಲಿಸಿದರು. ಹಸಿರು ಬಾಕ್ಸ್‌ನಿಂದ ಡೆಸ್ವೆನ್ಲಾಫಾಕ್ಸಿನ್ ಶುರು ಮಾಡಿದರು.

ಮುಂದೇನಾಯಿತು ಅಂತ ಜಾಸ್ತಿ ಬರೆಯಲಾರೆ. ಬಚ್ಚಲಿನ ಬಾಗಿಲು ಹಾಕಿಕೊಂಡರೆ ತೆಗೆಯುತ್ತಿರಲಿಲ್ಲ. ಬೆರಳುಗಳಲ್ಲಿ ಮತ್ತೆ ರಕ್ತ.

ಮುಖ ಕೆಳಗೆ ಹಾಕಿಕೊಂಡು ಹಳೆಯ ಡಾಕ್ಟರ ಹತ್ತಿರ ಹೋದೆವು. ಅವರು ಬಣ್ಣದ ಪುಟವನ್ನು ನೋಡಲೇ ಇಲ್ಲ. ಸೀದಾ ಹಿಂದಿನ ಪುಟಗಳಿಗೆ ಹೋದರು. ಪೆನ್ನಿನ ತುದಿ ಒಂದು ಸಾಲಿನ ಮೇಲೆ ಇಟ್ಟು, "ಸರ್ಟ್ರಾಲಿನ್ ದೇಹದಲ್ಲಿ ಕರಗೋದಕ್ಕೆ ಮುಖ್ಯವಾದ ಜೀನ್ ಸಿವೈಪಿ2ಸಿ19. ಅದು ಇವಳಲ್ಲಿ ನಾರ್ಮಲ್ ಇದೆಯಲ್ಲಮ್ಮಾ" ಅಂದರು. ಹಾಗಾದರೆ ಕೆಂಪು ಎಲ್ಲಿಂದ ಬಂತು? ಎಸ್‌ಎಲ್‌ಸಿ6ಎ4 ಅಂತ ಇನ್ನೊಂದು ಜೀನ್. ಅದನ್ನು ನೋಡಿ ಈ ಥರದ ಔಷಧಿ ಆರಿಸುವುದಕ್ಕೆ ಆಧಾರ ಸಾಲದು ಅಂತ, ಜೀನ್ ಪ್ರಕಾರ ಔಷಧಿ ಕೊಡುವುದಕ್ಕೆ ಮಾರ್ಗಸೂಚಿ ಬರೆಯುವ ತಜ್ಞರ ತಂಡವೇ, ಅಂದರೆ ಸಿಪಿಐಸಿ, 2023ರಲ್ಲಿ ಹೇಳಿದೆಯಂತೆ. ಆ ಒಂದು ಜೀನ್‌ಗಾಗಿ ನನ್ನ ಮಗಳ ಔಷಧಿ ನಿಂತಿತ್ತು.

"ಅವಳು ಆ ಔಷಧಿ ತಗೊಂಡು ಸುಧಾರಿಸ್ತಾ ಇದ್ದಳು ಅಲ್ವಾ? ಅದಕ್ಕಿಂತ ದೊಡ್ಡ ಟೆಸ್ಟ್ ಯಾವುದಮ್ಮಾ ಬೇಕಿತ್ತು?" ಅಂತ ಕೇಳಿದರು. ನೆಲ ನೋಡುತ್ತಾ ಕೂತಿದ್ದೆ.

ಹಸಿರಿನ ಕಥೆ ಇನ್ನೂ ಚೆನ್ನಾಗಿದೆ. ಡೆಸ್ವೆನ್ಲಾಫಾಕ್ಸಿನ್ ಕರಗುವುದಕ್ಕೆ ಈ ಟೆಸ್ಟ್‌ಗಳು ಹುಡುಕುವ ಸಿವೈಪಿ2ಡಿ6, ಸಿವೈಪಿ2ಸಿ19 ಜೀನ್‌ಗಳ ಅಗತ್ಯವೇ ಹೆಚ್ಚಿಲ್ಲ. ಹಾಗಾಗಿ ಅದು ಸುಮಾರು ಜನರ ರಿಪೋರ್ಟ್‌ನಲ್ಲಿ ಹಸಿರಲ್ಲೇ ಇರುತ್ತದೆ. ಖಿನ್ನತೆ ಇರುವ ಮಕ್ಕಳಿಗೆ ಕೊಟ್ಟು ನೋಡಿದಾಗ ಡಮ್ಮಿ ಮಾತ್ರೆಗಿಂತ ಅದು ಮೇಲು ಅಂತ ಸಾಬೀತಾಗಲಿಲ್ಲ. ಓಸಿಡಿಗೆ ಅದು ಒಪ್ಪಿಗೆ ಪಡೆದ ಔಷಧಿಯೂ ಅಲ್ಲ. ಆದರೆ ಸರ್ಟ್ರಾಲಿನ್‌ಗೆ, 6 ವರ್ಷದಿಂದ ಮೇಲಿನ ಮಕ್ಕಳ ಓಸಿಡಿಗೆ ಕೊಡಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ. ಹಸಿರು ಅಂದರೆ ಜೀನ್ ಅಡ್ಡ ಬರುವುದು ಕಂಡಿಲ್ಲ ಅಂತ ಅಷ್ಟೇ. ಕಾಯಿಲೆಗೆ ಕೆಲಸ ಮಾಡುತ್ತದೆ ಅಂತಲ್ಲ. ಇದನ್ನು ದುಡ್ಡು ತೆಗೆದುಕೊಳ್ಳುವಾಗ ಯಾರೂ ಹೇಳುವುದಿಲ್ಲ. ಯಾರೂ!

ಈಗ ಟೆಸ್ಟ್ ಕಂಪನಿಯವರ ಉತ್ತರಗಳನ್ನು ಕೇಳಿ. ಫೋನ್ ಮಾಡಿ ಜಗಳ ಆಡಿದೆ. "ಮೇಡಂ, ನಮ್ಮದು ಬರೀ ಮಾಹಿತಿ. ಔಷಧಿ ಬದಲಿಸಿ ಅಂತ ನಾವು ಹೇಳಿಲ್ಲ." ಹೇಳಿದ್ದೀರಲ್ಲ, ನಿಮ್ಮ ಕೌನ್ಸೆಲರ್ ಹೇಳಿದರಲ್ಲ? "ಅದು ಅವರ ಅಭಿಪ್ರಾಯ." ಹಾಗಾದರೆ ಕೆಂಪು ಅಂದರೇನು? "ಕೆಂಪು ಅಂದ್ರೆ ಕೊಡಬಾರದು ಅಂತಲ್ಲ ಮೇಡಂ, ಜಾಸ್ತಿ ಗಮನ ಕೊಡಿ ಅಂತ. ಕೊನೇ ಪುಟದಲ್ಲಿ ಬರೆದಿದೆ, ಓದಿಲ್ವಾ?" ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದೆ ನಿಜ. ದುಡ್ಡು ವಾಪಸ್ ಕೇಳಿದರೆ "ಸ್ಯಾಂಪಲ್ ಪ್ರೊಸೆಸ್ ಆಗಿಬಿಟ್ಟಿದೆ" ಅಂದರು. ಆಮೇಲೆ, ನಂಬುತ್ತೀರಾ, "ನಮ್ಮ ಹೊಸ ಪ್ಯಾನಲ್‌ನಲ್ಲಿ ಇನ್ನೂ ಜಾಸ್ತಿ ಜೀನ್ ಇವೆ, ನಿಮಗೆ ಡಿಸ್ಕೌಂಟ್ ಕೊಡ್ತೀವಿ" ಅಂದರು. ಜಗಳ ಆಡುತ್ತಿರುವವಳಿಗೇ ಮತ್ತೊಂದು ಟೆಸ್ಟ್ ಮಾರಲು ನೋಡಿದರು.

ಜೀನ್ ಟೆಸ್ಟ್ ಅಂದರೆ ಎಲ್ಲವೂ ಮೋಸ ಅಂತಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಾಜೆಪಿನ್ ಶುರು ಮಾಡುವ ಮುಂಚೆ ಏಷ್ಯಾ ಮೂಲದವರಿಗೆ ಎಚ್‌ಎಲ್‌ಎ-ಬಿ 15:02 ಅನ್ನುವ ಜೀನ್ ರೂಪ ಇದೆಯಾ ಅಂತ ನೋಡುವುದಕ್ಕೆ ಗಟ್ಟಿ ಕಾರಣ ಇದೆ. ಅದು ಇದ್ದವರಿಗೆ ಚರ್ಮ ಸುಲಿದು ಜೀವಕ್ಕೇ ಅಪಾಯ ಆಗಬಹುದು. ಎಡಿಎಚ್‌ಡಿಗೆ, ಅಂದರೆ ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆಗೆ, ಕೊಡುವ ಅಟೊಮಾಕ್ಸೆಟಿನ್ ಡೋಸ್ ವಿಷಯದಲ್ಲಿ ಸಿವೈಪಿ2ಡಿ6 ಉಪಯೋಗಕ್ಕೆ ಬರುತ್ತದೆ. ಆದರೆ ಅಲ್ಲಿ ಪ್ರಶ್ನೆ ಒಂದು ಔಷಧಿಯದ್ದು, ಕೇಳುವವರು ಡಾಕ್ಟರು. ಎಲ್ಲಾ ಔಷಧಿಗೂ ಬಣ್ಣ ಹಚ್ಚಿ ಮಾರುವುದು ಬೇರೆ ಆಟ. ಆಧಾರವಿಲ್ಲದೆ ಹಾಗೆ ಹೇಳಿಕೊಳ್ಳುವ ಟೆಸ್ಟ್‌ಗಳ ಬಗ್ಗೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿತ್ತು. ರಿಪೋರ್ಟ್ ನೋಡಿ ನೀವಾಗಿಯೇ ಔಷಧಿ ಬದಲಿಸಬೇಡಿ ಅಂತಲೂ ಹೇಳಿತ್ತು. ಮಕ್ಕಳಿಗೆ ಮನೋರೋಗದ ಔಷಧಿ ಆರಿಸಲು ಈ ಟೆಸ್ಟ್ ಬಳಸಬೇಡಿ ಅಂತ ಅಮೆರಿಕದ ಮಕ್ಕಳ ಮನೋವೈದ್ಯರ ಸಂಘ 2020ರಲ್ಲಿ ಹೇಳಿತ್ತು. ಇಷ್ಟೆಲ್ಲಾ ಗೊತ್ತಿದ್ದೂ ಮಾರಿದರು.

ಯಾರಾದರೂ ರಿಪೋರ್ಟ್ ಹಿಡಿದು "ಕೆಂಪು" ಅಂದರೆ ಎರಡೇ ಪ್ರಶ್ನೆ ಕೇಳಿ. ಯಾವ ಜೀನ್‌ನಿಂದ ಕೆಂಪಾಯಿತು? ಹಸಿರಲ್ಲಿರುವ ಔಷಧಿ ಮಕ್ಕಳಲ್ಲಿ, ಇದೇ ಕಾಯಿಲೆಗೆ ಕೆಲಸ ಮಾಡಿದೆಯಾ? ಬಾಯಿ ತೊದಲಿದರೆ ಎದ್ದು ಬನ್ನಿ. ಮಗುವಿಗೆ ಒಗ್ಗಿರುವ ಔಷಧಿಯನ್ನು, ಅದನ್ನು ಬರೆದುಕೊಟ್ಟ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಮಗಳು ಮತ್ತೆ ಸರ್ಟ್ರಾಲಿನ್ ಮೇಲೆ ಇದ್ದಾಳೆ, ಕಡಿಮೆ ಡೋಸ್‌ನಿಂದ ಶುರು. ಅವಳ ಸ್ಯಾಂಪಲ್, ಡೇಟಾ ಎರಡನ್ನೂ ಅಳಿಸಿಹಾಕಿ ಅಂತ ಕಂಪನಿಗೆ ಬರೆದಿದ್ದೇನೆ. ಅದಕ್ಕೆ ಇನ್ನೂ ಉತ್ತರ ಇಲ್ಲ. "ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡ್ತೀರಿ" ಅನ್ನುವ ಮೆಸೇಜ್ ಮಾತ್ರ ಬಂದಿದೆ.