ಸಿಂಧನೂರಿನ ಹೊಂಡದ ಮೀನು: ಕೊಬ್ಬಿನ ಗುಣ ನೋಡಿದರೆ ಕಾಟ್ಲಾವೇ ಮೇಲು

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಸೀಮೆಯ ಹೊಂಡಗಳಿಂದ ಪೇಟೆಗೆ ಬರುವ ಕಾಟ್ಲಾ, ರೋಹು, ಪಂಗಾಸ್ ಮೂರೂ ಪ್ರೋಟೀನಿನಲ್ಲಿ ಒಳ್ಳೆಯವೇ. ಕೊಬ್ಬಿನ ಮಾತು ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ.

ಮೀನಿನ ಕೊಬ್ಬಿನ ಗುಣ ಬಹುಮಟ್ಟಿಗೆ ಅದು ತಿಂದ ಮೇವಿನಿಂದ ಬರುತ್ತದೆ. ಕಾಟ್ಲಾ ನೀರಿನ ಮೇಲ್ಪದರದ ಪ್ಲವಕ, ಅಂದರೆ ತೇಲುವ ಸೂಕ್ಷ್ಮ ಪಾಚಿ ಮತ್ತು ಸಣ್ಣ ಜೀವಿಗಳನ್ನು ತಿಂದು ಬೆಳೆಯುವ ಮೀನು. ಮೀನಿನಲ್ಲಿ ನಾವು ಹುಡುಕುವ ಒಳ್ಳೆಯ ಕೊಬ್ಬಾದ ಒಮೆಗಾ-3 ಮೊದಲು ಹುಟ್ಟುವುದೂ ಆ ಸೂಕ್ಷ್ಮ ಪಾಚಿಯಲ್ಲೇ. ಹದವಾಗಿ ಸಗಣಿ ಗೊಬ್ಬರ ಹಾಕಿ ನೀರನ್ನು ತಿಳಿಹಸಿರಾಗಿ ಇಟ್ಟ ಹೊಂಡದ ಮೀನು ಉತ್ತಮ. ಬರೀ ಅಕ್ಕಿ ತೌಡು, ಶೇಂಗಾ ಹಿಂಡಿ ಸುರಿದು ಬೇಗ ತೂಕ ಬರಿಸಿದರೆ ಓಲಿಕ್, ಲಿನೋಲಿಕ್ (ಒಮೆಗಾ-6) ಎಂಬ ಬೇರೆ ಕೊಬ್ಬಿನಾಮ್ಲಗಳು ಏರಿ ಒಮೆಗಾ-3ರ ಪಾಲು ಇಳಿಯುತ್ತದೆ. ಆದ್ದರಿಂದ ದರ ಕೇಳುವ ಮೊದಲು ‘ಮೇವು ಏನು ಹಾಕ್ತೀರಿ?’ ಎಂದು ಕೇಳಿ.

ಕಾಟ್ಲಾದ ತಲೆಯನ್ನು ಕತ್ತರಿಸುವವರ ಬಳಿಯೇ ಬಿಟ್ಟು ಬರಬೇಡಿ. ಮಿದುಳು, ಕಣ್ಣಿನ ಗುಳಿಯ ಸುತ್ತ ಒಮೆಗಾ-3ರ ಒಂದು ಬಗೆಯಾದ ಡಿಎಚ್‌ಎ ಹೆಚ್ಚಿರುತ್ತದೆ.

ರೋಹುವಿನ ಮಾಂಸ ಒಣಒಣ ಅಲ್ಲ, ಆದರೆ ಕೊಬ್ಬು ಕಡಿಮೆ: 100 ಗ್ರಾಂ ಮಾಂಸದಲ್ಲಿ ಸುಮಾರು 1ರಿಂದ 3 ಗ್ರಾಂ. ಹಾಗಾಗಿ ಒಮೆಗಾ-3ರ ಒಟ್ಟು ಪ್ರಮಾಣವೂ ಚಿಕ್ಕದು. ದೊಡ್ಡವರಿಗೆ ದಿನಕ್ಕೆ ಕನಿಷ್ಠ ಒಟ್ಟು 250 ಮಿಲಿಗ್ರಾಂ ಇಪಿಎ (ಒಮೆಗಾ-3ರ ಇನ್ನೊಂದು ಬಗೆ), ಡಿಎಚ್‌ಎ ಬೇಕೆಂಬ ಲೆಕ್ಕಕ್ಕೆ ಇದೊಂದನ್ನೇ ನೆಚ್ಚಬಾರದು. ನಡುನಡುವೆ ಬೂತಾಯಿ, ಬಂಗುಡೆ ಇರಲಿ.

ಪಂಗಾಸ್ ಅಗ್ಗ, ಮುಳ್ಳು ಕಡಿಮೆ, ಮಕ್ಕಳು ಸಲೀಸಾಗಿ ತಿನ್ನುತ್ತಾರೆ. ಅದರ ಕೊಬ್ಬಿನಲ್ಲಿ ಮಾತ್ರ ಪಾಲ್ಮಿಟಿಕ್, ಓಲಿಕ್ ಆಮ್ಲಗಳದ್ದೇ ಮೇಲುಗೈ, ಇಪಿಎ ತೀರಾ ಅಲ್ಪ. ಹೊಟ್ಟೆಯೊಳಗಿನ ಬಿಳಿ ಕೊಬ್ಬಿನ ಗಡ್ಡೆಯನ್ನು ಮೀನೆಣ್ಣೆಯೆಂದು ಸಾರಿಗೆ ಹಾಕುವವರಿದ್ದಾರೆ. ಅದನ್ನು ಪೂರ್ತಿ ತೆಗೆಸಿ.

ರಾಯಚೂರಿನ ಬಿಸಿಲಿನಲ್ಲಿ ಮೀನಿನ ಕೊಬ್ಬು ಬಲುಬೇಗ ಕಮಟುತ್ತದೆ. ಮೀನಿನ ತೂಕದಷ್ಟೇ ಐಸ್ ಇಲ್ಲದ ಅಂಗಡಿ ಬೇಡ. ಹೊಟ್ಟೆಯ ಅಂಚು ಹಳದಿಯಾಗಿ ಹಳೇ ಎಣ್ಣೆಯ ವಾಸನೆ ಬಂದರೆ ಬಿಟ್ಟುಬಿಡಿ. ಕೆಸರು ವಾಸನೆಯ ಕಥೆ ಬೇರೆ: ನೀಲಿ-ಹಸಿರು ಪಾಚಿಯ ಜಿಯೋಸ್ಮಿನ್ ಎಂಬ ವಾಸನೆಯ ಅಂಶ ಕೊಬ್ಬಿನಲ್ಲಿ ಕೂತಿರುತ್ತದೆ. ಹಿಡಿದ ಮೀನನ್ನು ಕೆಲವು ದಿನ ಮೇವಿಲ್ಲದೆ ಶುದ್ಧ ಹರಿನೀರಿನಲ್ಲಿ ಬಿಟ್ಟು ಮಾರುವ ಸಾಕಣೆದಾರರ ಮೀನಿಗೆ ನಾಲ್ಕು ದುಡ್ಡು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಮನೆಯಲ್ಲಾದರೆ ಹುಣಸೆ ರಸದಲ್ಲಿ ಅರ್ಧ ಗಂಟೆ ನೆನೆಸಿದರೆ ವಾಸನೆ ತಗ್ಗುತ್ತದೆ.

ಸೂರ್ಯಕಾಂತಿ ಎಣ್ಣೆಯಲ್ಲಿ ಮುಳುಗಿಸಿ ಕರಿದರೆ ಒಮೆಗಾ-6 ಹೀರಿಕೊಂಡು ಇಷ್ಟೂ ಆಯ್ಕೆ ವ್ಯರ್ಥ. ಜೋಳದ ರೊಟ್ಟಿಗೆ ಹುಳಿಸಾರು ಮಾಡಿ, ತುಂಡು ಹಾಕಿದ ಮೇಲೆ ಸಣ್ಣ ಉರಿಯಲ್ಲಿ 10–12 ನಿಮಿಷ ಸಾಕು. ಬಿಟ್ಟ ಕೊಬ್ಬು ಸಾರಿನಲ್ಲೇ ಉಳಿಯುತ್ತದೆ.